ಟ್ರ್ಯಾಕ್ಟರ್ ಟೈರ್ ಜಾರುತ್ತಿದೆಯೇ, ಬೇಗ ಸವೆಯುತ್ತಿದೆಯೇ? ಹೊಸದು ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಮಳೆ ಹಿಡಿದು ಗದ್ದೆ ಕೆಲಸ ಶುರುವಾದ ಕೂಡಲೇ ಮಲೆನಾಡಿನಲ್ಲಿ ಕೇಳಿಬರುವ ದೂರು ಇದು: "ಟೈರ್ ಹಿಡಿತಾನೇ ಇಲ್ಲ, ಬದಲಾಯಿಸ್ಬೇಕು." ಹಿಂದಿನ ಒಂದು ಜೊತೆ ಟೈರಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಆದರೆ ಟೈರ್ ಕೆಟ್ಟಿದೆ ಅಂತ ಅನ್ನಿಸುವ ಎಷ್ಟೋ ಸಲ ದೋಷ ಟೈರಿನದ್ದಾಗಿರುವುದಿಲ್ಲ. ಗಾಳಿ ಹೆಚ್ಚುಕಡಿಮೆ ಆಗಿರುತ್ತದೆ, ಚಕ್ರ ತಿರುಗಾಮುರುಗಾ ಕೂತಿರುತ್ತದೆ, ಇಲ್ಲವೇ ಆ ಕೆಲಸಕ್ಕೆ ಆ ಟೈರೇ ಸೇರಿದ್ದಲ್ಲ. ಮೂರಕ್ಕೂ ಬೇರೆ ಬೇರೆ ಮದ್ದು ಬೇಕು.

ನಮ್ಮ ಕಡೆ ಈ ಗೊಂದಲ ಜಾಸ್ತಿ ಆಗುವುದಕ್ಕೆ ಕಾರಣವಿದೆ. ಜೂನ್, ಜುಲೈನಲ್ಲಿ ಟ್ರ್ಯಾಕ್ಟರ್ ಕೆಸರು ಗದ್ದೆಗೆ ಇಳಿಯುತ್ತದೆ. ಮಳೆ ಬಿಟ್ಟ ಮೇಲೆ ಅದೇ ಟ್ರ್ಯಾಕ್ಟರ್ ಅಡಿಕೆ ಗೊನೆ, ಗೊಬ್ಬರ, ಜಂಬಿಟ್ಟಿಗೆ ಕಲ್ಲು ಹೊತ್ತು ಏರುದಾರಿಯಲ್ಲಿ ಓಡುತ್ತದೆ. ನಡುವೆ ತೋಟದ ಕೆಲಸವೂ ಇರುತ್ತದೆ. ಮೂರಕ್ಕೂ ಒಂದೇ ಜೊತೆ ಟೈರು. ಹಾಗಾಗಿ ವರ್ಷದಲ್ಲಿ ಹೆಚ್ಚು ಗಂಟೆ ಯಾವ ಕೆಲಸ ನಡೆಯುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಮುಂದಿನ ಪ್ರತಿ ಪರೀಕ್ಷೆಯಲ್ಲೂ ಈ ಉತ್ತರ ಬೇಕಾಗುತ್ತದೆ.

ಬೇಕಾಗುವ ಸಾಮಾನು ಕಡಿಮೆ: ಒಂದು ಸೀಮೆಸುಣ್ಣ, ಟೇಪು, ಸ್ಕೇಲು, ಕಡಿಮೆ ಒತ್ತಡ ತೋರಿಸುವ ಗಾಳಿ ಮೀಟರ್. ಮೀಟರ್ ಬಗ್ಗೆ ಒಂದು ಮಾತು. ಲಾರಿ ಟೈರಿಗೆ ಬಳಸುವ ಮೀಟರಿನಲ್ಲಿ ಟ್ರ್ಯಾಕ್ಟರಿನ 12 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿಯಾಗಿ ಗೊತ್ತಾಗುವುದಿಲ್ಲ. ಅದರ ಮುಳ್ಳು ಶುರುವಾಗುವ ಜಾಗದಲ್ಲೇ ನಮ್ಮ ಲೆಕ್ಕ ಮುಗಿದಿರುತ್ತದೆ. ಟ್ರ್ಯಾಕ್ಟರಿಗೆ ಎರಡು ಮೂರು ಪಿಎಸ್‌ಐ ವ್ಯತ್ಯಾಸವೂ ದೊಡ್ಡದು. ಅದಕ್ಕೆ ಒಂದು ಸಣ್ಣ ಮೀಟರ್ ಸ್ವಂತಕ್ಕೆ ಇಟ್ಟುಕೊಳ್ಳಿ.

ಗದ್ದೆಯಲ್ಲಿ ಚಕ್ರ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಮೊದಲು ಇಳಿದು ಟೈರ್ ನೋಡಿ. ಲಗ್ಗುಗಳ, ಅಂದರೆ ಟೈರಿನ ಮೇಲೆ ಎದ್ದು ನಿಂತ ರಬ್ಬರ್ ಪಟ್ಟಿಗಳ ನಡುವೆ ಮಣ್ಣು ತುಂಬಿ ಟೈರ್ ನುಣ್ಣಗೆ ಉಂಡೆಯಾಗಿದೆಯೇ? ಹಾಗಿದ್ದರೆ ಲಗ್ ಎಷ್ಟೇ ಎತ್ತರ ಇದ್ದರೂ ನೆಲಕ್ಕೆ ತಾಗುವುದು ಮಣ್ಣೇ ಹೊರತು ರಬ್ಬರ್ ಅಲ್ಲ. ಮಣ್ಣು ತಾನಾಗಿಯೇ ಉದುರಬೇಕಿತ್ತು. ಯಾಕೆ ಉದುರಲಿಲ್ಲ ಅನ್ನುವುದೇ ಪ್ರಶ್ನೆ.

ಚಕ್ರ ತಿರುಗಾಮುರುಗಾ ಕೂತಿರಬಹುದು. ಟ್ರ್ಯಾಕ್ಟರಿನ ಹಿಂದೆ ನಿಂತು ಹಿಂದಿನ ಟೈರ್ ನೋಡಿ. ಲಗ್ಗುಗಳ ಚೂಪು ತುದಿ ಮೇಲ್ಮುಖವಾಗಿರಬೇಕು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣವೂ ಇರುತ್ತದೆ. ಸರಿಯಾಗಿ ಕೂತ ಟೈರಿನಲ್ಲಿ ನಡುವಿನ ತುದಿ ಮೊದಲು ನೆಲಕ್ಕೆ ಇಳಿದು, ಕೆಸರನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ. ತಿರುಗಾ ಕೂತರೆ ಕೆಸರು ನಡುವಿಗೆ ಸೇರಿ ಅಲ್ಲೇ ಗಟ್ಟಿಯಾಗುತ್ತದೆ. ಈ ತಪ್ಪು ಹೆಚ್ಚಾಗಿ ಆಗುವುದು ಚಕ್ರಗಳ ನಡುವಿನ ಅಗಲ ಬದಲಿಸಿದಾಗ. ತೋಟಕ್ಕೆ ಅಂತ ಅಗಲ ಕಡಿಮೆ ಮಾಡಲು ಚಕ್ರವನ್ನು ಮಗುಚಿ ಹಾಕಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಬೇಕು. ಅಲ್ಲೇ ಮಗುಚಿ ಅಲ್ಲೇ ಕೂರಿಸಿದರೆ ದಿಕ್ಕು ತಪ್ಪುತ್ತದೆ. ಇದನ್ನು ಸರಿಪಡಿಸಲು ಬೇಕಾದದ್ದು ಕೂಲಿ ಮಾತ್ರ.

ದಿಕ್ಕು ಸರಿ ಇದ್ದರೆ ಗಾಳಿ ನೋಡಿ. ಹಿಂದಿನ ಟೈರಿಗೆ ಗದ್ದೆ, ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ, ಟ್ರೈಲರ್ ಎಳೆದು ರಸ್ತೆಯಲ್ಲಿ ಓಡುವಾಗ 16ರಿಂದ 20ರ ಆಸುಪಾಸು. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಕೊನೆಯ ಮಾತು. ಬೇಸಿಗೆಯಲ್ಲಿ ಕಲ್ಲು ಸಾಗಿಸಲು ತುಂಬಿಸಿದ ಗಾಳಿಯಲ್ಲೇ ಜೂನ್‌ನಲ್ಲಿ ಗದ್ದೆಗೆ ಇಳಿದರೆ ಟೈರ್ ಬಿಗಿಯಾಗಿ ದುಂಡಗೆ ನಿಲ್ಲುತ್ತದೆ. ನೆಲಕ್ಕೆ ತಾಗುವ ಜಾಗ ಕಡಿಮೆ ಆಗುತ್ತದೆ. ಪಕ್ಕದ ರಬ್ಬರ್ ಬಾಗದ ಕಾರಣ ಕೆಸರೂ ಉದುರುವುದಿಲ್ಲ. ಹಾಗಂತ ಕೈಪಿಡಿಯ ಮಿತಿಗಿಂತ ಕೆಳಗೆ ಇಳಿಸಬೇಡಿ. ಅದರಿಂದ ಆಗುವ ತೊಂದರೆ ಮುಂದೆ ಬರುತ್ತದೆ.

ಮೂರನೆಯದು ಲಗ್ಗಿನ ಎತ್ತರ. ಟೈರಿನ ನಡುಭಾಗದಲ್ಲಿ, ಎರಡು ಲಗ್ಗುಗಳ ಮಧ್ಯೆ ಸ್ಕೇಲ್ ನಿಲ್ಲಿಸಿ ಅಳೆಯಿರಿ. ಹೊಸ ಟೈರಿನ ಕಾಲು ಭಾಗದಷ್ಟೂ ಉಳಿದಿಲ್ಲ ಅಂದರೆ ಕೆಸರಿಗೆ ಆ ಟೈರಿನ ಕೆಲಸ ಮುಗಿದಿದೆ. ಒಣ ರಸ್ತೆಗೆ ಇನ್ನೂ ಕೆಲವು ಕಾಲ ಓಡಬಹುದು, ಗದ್ದೆಗೆ ಅಲ್ಲ.

ಇದೆಲ್ಲ ಸರಿ ಇದ್ದೂ ಜಾರುತ್ತಿದ್ದರೆ ಟೈರಿನ ಜಾತಿ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬರುವುದು ಆರ್1 ಅನ್ನುವ ಲಗ್ ಮಾದರಿ. ಹೊಲಕ್ಕೂ ರಸ್ತೆಗೂ ನಡುವಿನ ರಾಜಿ ಅದು. ಆರ್1ಡಬ್ಲ್ಯೂ ಅಂತ ಬರೆದಿದ್ದರೆ ಲಗ್ ಸುಮಾರು ಕಾಲು ಭಾಗದಷ್ಟು ಹೆಚ್ಚು ಆಳ. ಆರ್2 ಭತ್ತ, ಕಬ್ಬಿನ ಕೆಸರಿಗೆ ಅಂತಲೇ ಮಾಡಿದ್ದು, ಲಗ್ ಆರ್1ರ ಸುಮಾರು ಎರಡರಷ್ಟು ಎತ್ತರ. ಭದ್ರಾ ನಾಲೆ ನೀರಿನಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ಮಾಡುವವರಿಗೆ, ಬಾಡಿಗೆಗೂ ಗದ್ದೆ ಹೂಡುವವರಿಗೆ ಆರ್2 ಯೋಚಿಸಬಹುದು. ತೀರ್ಥಹಳ್ಳಿ, ಹೊಸನಗರದ ಕಡೆ ಒಂದಿಷ್ಟೇ ಗದ್ದೆ ಇದ್ದು ಉಳಿದ ತಿಂಗಳೆಲ್ಲ ಡಾಂಬರಿನ ಮೇಲೆ ಟ್ರೈಲರ್ ಎಳೆಯುವವರು ಅದರ ಆಸೆ ಬಿಡುವುದು ಒಳ್ಳೆಯದು. ಎತ್ತರದ ಲಗ್ ಡಾಂಬರಿನ ಮೇಲೆ ಒದ್ದಾಡುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಅಂಥವರಿಗೆ ಆರ್1 ಟೈರ್, ಜೊತೆಗೆ ಗದ್ದೆ ಕಾಲಕ್ಕೆ ಕೇಜ್ ವೀಲ್, ಅಂದರೆ ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಚಕ್ರ, ಸಾಕು. ಕೇಜ್ ವೀಲ್ ಹಾಕಿಕೊಂಡೇ ಡಾಂಬರು ರಸ್ತೆಗೆ ಬರಬೇಡಿ. ರಸ್ತೆಯೂ ಹಾಳು, ಬ್ರೇಕ್ ಹಾಕಿದಾಗ ಜಾರುವ ಅಪಾಯವೂ ಇದೆ.

ತೂಕದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಜಾರಿದರೆ ಚಕ್ರಕ್ಕೆ ನೀರು ತುಂಬಿಸು ಅನ್ನುತ್ತಾರೆ. ಗಟ್ಟಿ ನೆಲದ ಉಳುಮೆಗೆ ಅದು ಸರಿ. ಆಳದ ಕೆಸರಿಗೆ ತಪ್ಪು. ಅಲ್ಲಿ ತೂಕ ಹೆಚ್ಚಾದಷ್ಟೂ ಗಾಡಿ ಹೂತುಕೊಳ್ಳುತ್ತದೆ. 13.6-28 ಅಳತೆಯ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿದರೆ ಒಂದೊಂದು ಚಕ್ರಕ್ಕೂ ಸುಮಾರು 200 ಕೆಜಿ ಸೇರುತ್ತದೆ. ಕೆಸರಿನಲ್ಲಿ ಅದು ಬೇಡದ ಹೊರೆ.

ಕಚ್ಚಿಕೊಂಡ ಗಾಡಿಯನ್ನು ಆಕ್ಸಿಲರೇಟರ್ ಒತ್ತಿ ಎಬ್ಬಿಸಲು ಹೋಗಬೇಡಿ. ಚಕ್ರದ ಮುಂದೆ ಮರದ ದಿಮ್ಮಿ ಕಟ್ಟಿ ಹತ್ತಿಸುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಚಕ್ರ ತಿರುಗಲಾರದಂತೆ ಹಿಡಿದುಕೊಂಡರೆ ಗಾಡಿಯ ಮೂತಿಯೇ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಹಾರುವಷ್ಟೂ ಸಮಯ ಸಿಗುವುದಿಲ್ಲ. ಆಕ್ಸಲ್ ಕೆಸರಿಗೆ ತಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಗಾಡಿ ಕರೆಸಿ.

ಒಣ ಉಳುಮೆಯಲ್ಲಿ ಡೀಸೆಲ್ ಜಾಸ್ತಿ, ಕೆಲಸ ಕಡಿಮೆ

ಇಲ್ಲಿ ಕಣ್ಣಂದಾಜು ಬಿಟ್ಟು ಅಳೆಯಬಹುದು. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ. ನೇಗಿಲು ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ 10 ಸುತ್ತು ತಿರುಗುವಷ್ಟು ದೂರ ಹೋಗಿ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಉಳುತ್ತಾ 10 ಸುತ್ತಿಗೆ ಎಷ್ಟು ದೂರ ಅಂತ ಅಳೆಯಿರಿ. ಖಾಲಿಯಾಗಿ 40 ಮೀಟರ್, ಉಳುವಾಗ 34 ಮೀಟರ್ ಬಂದರೆ 6 ಮೀಟರ್ ಜಾರಿಹೋಯಿತು, ಅಂದರೆ ಶೇ. 15. ಸುತ್ತು ಎಣಿಸುವವರು ಗಾಡಿಯಿಂದ ದೂರ, ಪಕ್ಕಕ್ಕೆ ನಡೆಯಬೇಕು.

ಶೇ. 8ರಿಂದ 15ರ ಒಳಗಿದ್ದರೆ ಟೈರ್ ಚೆನ್ನಾಗಿದೆ, ಸುಮ್ನೆ ಖರ್ಚು ಮಾಡಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಗಾಳಿ ನೋಡಿ, ಆಮೇಲೆ ತೂಕ ಸೇರಿಸಿ. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ಗಾಡಿಗೆ ಬೇಡದ ತೂಕ ಇದೆ, ಆ ತೂಕ ಹೊತ್ತು ತಿರುಗಲು ಡೀಸೆಲ್ ಹೋಗುತ್ತಿದೆ. ನೀರು ತೆಗೆಯಿರಿ, ಇಲ್ಲವೇ ಚಕ್ರದ ಕಬ್ಬಿಣದ ತೂಕ ಬಿಚ್ಚಿಡಿ. ಈ ಲೆಕ್ಕ ಒಣ, ಗಟ್ಟಿ ನೆಲಕ್ಕೆ ಮಾತ್ರ. ಕೆಸರಿಗೆ ಹೊಂದುವುದಿಲ್ಲ.

ನೀರು ತುಂಬುವಾಗ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವ್ ಮಟ್ಟಕ್ಕಿಂತ ಮೇಲೆ ತುಂಬಬೇಡಿ. ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ಟೈರ್ ಕಲ್ಲಿನ ಏಟು ತಡೆಯುವುದಿಲ್ಲ.

ಲಗ್ ನಡುವಿನಲ್ಲಿ ಸವೆದಿದೆ, ಇಲ್ಲವೇ ಅಂಚಿನಲ್ಲಿ ಸವೆದಿದೆ

ನಡುಭಾಗ ಸವೆದು ಅಂಚು ಚೆನ್ನಾಗಿದ್ದರೆ ಗಾಳಿ ಜಾಸ್ತಿಯಾಗಿ, ಗಾಡಿ ಡಾಂಬರಿನ ಮೇಲೆ ಬಹಳ ಓಡಿದೆ ಅಂತ ಅರ್ಥ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಹೊರೆ ಮಿತಿ ಮೀರಿದೆ. ಜಂಬಿಟ್ಟಿಗೆ ಹೊಡೆಯುವ ಗಾಡಿಗಳಲ್ಲಿ ಈ ಎರಡನೆಯದನ್ನು ನೋಡಬಹುದು. ಕಲ್ಲಿನ ಲೆಕ್ಕ ಇಡುತ್ತೇವೆ, ಅದರ ತೂಕದ ಲೆಕ್ಕ ಮರೆಯುತ್ತೇವೆ.

ಒಂದು ಕಡೆಯ ಟೈರ್ ಮಾತ್ರ ಬೇಗ ಸವೆದರೆ ಓಡಿಸುವ ರೀತಿ ಗಮನಿಸಿ. ತಿರುವಿನಲ್ಲಿ ಒಂದೇ ಕಡೆ ಬ್ರೇಕ್ ಒತ್ತುವ ಅಭ್ಯಾಸ ಇದೆಯೇ? ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಮಾಡುವ ಲಾಕ್) ಬಿಡಿಸದೆ ರಸ್ತೆಗೆ ಬರುತ್ತಾರೆಯೇ? ರಸ್ತೆಯಲ್ಲಿ ಎರಡೂ ಬ್ರೇಕ್ ಪೆಡಲ್‌ಗೆ ಕೊಂಡಿ ಹಾಕಿರಲೇಬೇಕು. ಘಟ್ಟದ ಇಳಿಜಾರಿನಲ್ಲಿ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ಗಾಡಿ ತಿರುಗಿ ನಿಲ್ಲುತ್ತದೆ, ಹಿಂದಿನ ಟ್ರೈಲರ್ ಅದನ್ನು ತಳ್ಳುತ್ತದೆ.

ಮುಂದಿನ ಟೈರ್ ಬೇಗ ಮುಗಿಯುತ್ತದೆ

ಎರಡೇ ಚಕ್ರಕ್ಕೆ ಎಳೆತ ಇರುವ ಗಾಡಿಗಳಲ್ಲಿ ಮುಂದೆ 6.00-16 ತರದ ಸಣ್ಣ ಟೈರ್ ಇರುತ್ತದೆ, 24ರಿಂದ 30 ಪಿಎಸ್‌ಐ ಗಾಳಿ ಬೇಕು. ಒಳ ಅಂಚೋ ಹೊರ ಅಂಚೋ ಮಾತ್ರ ಸವೆದಿದ್ದರೆ ಜಾಕ್ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲು ಕೆಳಗು ಹಿಡಿದು ಅಲ್ಲಾಡಿಸಿ. ಲಟಪಟ ಅಂದರೆ ಬೇರಿಂಗ್ ಅಥವಾ ಕಿಂಗ್‌ಪಿನ್ (ಚಕ್ರ ಪಕ್ಕಕ್ಕೆ ತಿರುಗಲು ಆಧಾರವಾದ ಪಿನ್) ಬುಷ್ ಸವೆದಿದೆ. ಬಿಗಿಯಾಗಿದ್ದರೆ ಎರಡೂ ಚಕ್ರಗಳ ನಡುವಿನ ದೂರವನ್ನು ಮುಂಭಾಗದಲ್ಲೂ ಹಿಂಭಾಗದಲ್ಲೂ, ಆಕ್ಸಲ್ ಮಟ್ಟದಲ್ಲಿ ಅಳೆಯಿರಿ. ಮುಂಭಾಗದಲ್ಲಿ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಎಷ್ಟು ಅನ್ನುವುದು ಕೈಪಿಡಿಯಲ್ಲಿರುತ್ತದೆ. ಅಳತೆ ಅದಕ್ಕೆ ಹೊಂದದಿದ್ದರೆ ಟೈ ರಾಡ್ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಸರಳು) ಹೊಂದಿಸಿಯೇ ಹೊಸ ಟೈರ್ ಹಾಕಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಗಳ ಕತೆ ಬೇರೆ, ಅದರ ಪೆಟ್ಟೂ ದೊಡ್ಡದು. ಇಂಥ ಗಾಡಿಯಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ವೇಗವಾಗಿ, ಸುಮಾರು ಶೇ. 1ರಿಂದ 5ರಷ್ಟು ಹೆಚ್ಚು ತಿರುಗುವಂತೆ ಗೇರ್ ಮಾಡಿರುತ್ತಾರೆ. ಮುಂದಿನ ಮತ್ತು ಹಿಂದಿನ ಟೈರಿನ ಅಳತೆ ಈ ಲೆಕ್ಕಕ್ಕೆ ಕೂಡಬೇಕು. ಹಿಂದಿನವು ಸವೆದವು ಅಂತ ಅವುಗಳಿಗೆ ಮಾತ್ರ 13.6-28 ಬದಲು ದೊಡ್ಡ 14.9-28 ಹಾಕಿಸಿದರೆ ಲೆಕ್ಕ ತಪ್ಪುತ್ತದೆ. ಮುಂದಿನ ಟೈರ್ ನೆಲದ ಮೇಲೆ ಎಳೆದಾಡಿಕೊಂಡು ಸವೆಯುತ್ತದೆ. ಗೇರಿನ ಮೇಲೂ ಹೊರೆ ಬೀಳುತ್ತದೆ.

ಪರೀಕ್ಷೆ ಸುಲಭ. ಸಮತಟ್ಟಾದ ಮಣ್ಣು ನೆಲದಲ್ಲಿ ಹಿಂದಿನ ಚಕ್ರ 10 ಸುತ್ತು ತಿರುಗುವಷ್ಟು ದೂರವನ್ನು ಒಮ್ಮೆ ಮುಂದಿನ ಎಳೆತ ಹಾಕಿ, ಒಮ್ಮೆ ತೆಗೆದು ಓಡಿಸಿ. ಎರಡು ಸಲವೂ ಮುಂದಿನ ಚಕ್ರದ ಸುತ್ತು ಎಣಿಸಿ, ಅರ್ಧ ಕಾಲು ಸುತ್ತನ್ನೂ ಬಿಡಬೇಡಿ. ಎಳೆತ ಹಾಕಿದಾಗ ಸುತ್ತು ತುಸು ಹೆಚ್ಚು ಬರಬೇಕು. ಸಮ ಬಂದರೆ, ಕಡಿಮೆ ಬಂದರೆ, ಇಲ್ಲವೇ ಶೇ. 5 ದಾಟಿದರೆ ಟೈರ್ ಜೋಡಿ ಹೊಂದಿಲ್ಲ. ಕಂಪನಿ ಹೇಳಿದ ಜೋಡಿಗೇ ಹಿಂತಿರುಗಿ. ಡಾಂಬರಿನ ಮೇಲೆ ಓಡುವಾಗ ಮುಂದಿನ ಎಳೆತ ತೆಗೆದಿಡುವುದನ್ನೂ ರೂಢಿ ಮಾಡಿಕೊಳ್ಳಿ. ಕಡಿದಾದ ಇಳಿಜಾರಿನಲ್ಲಿ ಹೊರೆ ಇರುವಾಗ ಮಾತ್ರ ಹಾಕಿಕೊಂಡೇ ಇಳಿಯಿರಿ. ನಾಲ್ಕೂ ಚಕ್ರ ಗಾಡಿಯನ್ನು ಹಿಡಿಯುತ್ತವೆ. ಟೈರಿಗಿಂತ ಜೀವ ಮುಖ್ಯ ಅಲ್ವಾ.

ಪದೇ ಪದೇ ಪಂಕ್ಚರ್, ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ

ಟ್ಯೂಬ್ ಕಳಪೆ ಅಂತ ಬದಲಿಸುವ ಮೊದಲು ರಿಮ್ಮಿನಿಂದ ಟೈರಿಗೆ ದಾಟುವಂತೆ ಒಂದು ಬಣ್ಣದ ಗೆರೆ ಎಳೆಯಿರಿ. ಒಂದು ದಿನ ಉಳುಮೆ ಮಾಡಿ ನೋಡಿ. ಗೆರೆ ಎರಡಾಗಿ ದೂರ ಸರಿದಿದ್ದರೆ ರಿಮ್ಮಿನೊಳಗೆ ಟೈರೇ ಜಾರುತ್ತಿದೆ, ಟ್ಯೂಬನ್ನು ಜೊತೆಗೆ ಎಳೆದು ವಾಲ್ವ್ ಕೀಳುತ್ತಿದೆ. ಗಾಳಿ ಮಿತಿಗಿಂತ ಕೆಳಗಿರುವುದೇ ಇದರ ಮುಖ್ಯ ಕಾರಣ. ಟೈರ್ ಕೂರಿಸುವಾಗ ಗ್ರೀಸ್, ಆಯಿಲ್ ಹಚ್ಚಿದ್ದರೂ ಹೀಗಾಗುತ್ತದೆ. ಸೋಪಿನ ನೀರು ಮಾತ್ರ ಬಳಸಿ.

ಗೆರೆ ಸರಿಯದೆಯೂ ಪಂಕ್ಚರ್ ಆಗುತ್ತಿದ್ದರೆ ಟೈರ್ ಬಿಚ್ಚಿಸಿದಾಗ ರಿಮ್ಮಿನ ಒಳಗೆ ನೋಡಿ. ನಮ್ಮ ಮಳೆಗೆ, ಗದ್ದೆ ನೀರಿಗೆ ರಿಮ್ ತುಕ್ಕು ಹಿಡಿಯುವುದು ಬೇಗ. ತುಕ್ಕಿನ ಚಕ್ಕೆ ಬ್ಲೇಡಿನಂತೆ ಟ್ಯೂಬ್ ಕೊಯ್ಯುತ್ತದೆ. ಉಜ್ಜಿ ತೆಗೆದು ಪೇಂಟ್ ಹೊಡೆಸಿ. ಟೈರಿನ ಒಳಮೈಯನ್ನೂ ಬಟ್ಟೆಯಿಂದ ಸವರಿ ನೋಡಿಸಿ. ಬಿದಿರಿನ ಕೂಳೆಯ ಸೀಳು ಹೊರಗೆ ಕಾಣದೆ ಒಳಗೆ ತುದಿ ಚಾಚಿಕೊಂಡಿರಬಹುದು. ಬರಿಗೈಯಲ್ಲಿ ಸವರಬೇಡಿ.

ಪಕ್ಕದಲ್ಲಿ ಬಿರುಕು, ಕೊಯ್ತ, ಗುಳ್ಳೆ

ಕೂದಲೆಳೆಯಂಥ ಬಿರುಕು ಬಿಸಿಲು ಮತ್ತು ವಯಸ್ಸಿನದ್ದು. ನೆರಳಲ್ಲಿ ನಿಲ್ಲಿಸಿ, ಡೀಸೆಲ್ ಚೆಲ್ಲಿದ್ದರೆ ತೊಳೆಯಿರಿ, ಓಡಿಸಬಹುದು. ಕೊಯ್ತದೊಳಗೆ ನೂಲು ಕಂಡರೆ ಅಲ್ಲಿಗೆ ನಿಲ್ಲಿಸಿ. ಗುಳ್ಳೆ ಎದ್ದಿದ್ದರೆ ಒಳಗಿನ ನೂಲು ತುಂಡಾಗಿದೆ ಅಂತ ಅರ್ಥ, ಅದು ಎಲ್ಲಿ ಯಾವಾಗ ಒಡೆಯುತ್ತದೆ ಹೇಳಲಾಗದು. ರಿಮ್ ಬಿರುಕು ಬಿಟ್ಟಿದ್ದರೂ ಅಷ್ಟೇ. ಇವು ಮನೆಯಲ್ಲಿ ನೋಡಿಕೊಳ್ಳುವ ಕೆಲಸವಲ್ಲ.

ಗಾಳಿ ತುಂಬುವ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೈರ್ ರಿಮ್ಮಿಗೆ ಕೂರಲಿಲ್ಲ ಅಂತ 35 ಪಿಎಸ್‌ಐ ದಾಟಿಸಿ ತುಂಬಬೇಡಿ. ಗಾಳಿ ಬಿಟ್ಟು, ಸರಿಪಡಿಸಿ, ಮತ್ತೆ ಶುರುಮಾಡಿ. ಕಚ್ಚಿಕೊಳ್ಳುವ ಕ್ಲಿಪ್ಪಿನ ಉದ್ದ ಪೈಪ್ ಬಳಸಿ. ಟೈರಿನ ಎದುರಿಗೆ ಯಾರೂ ನಿಲ್ಲಬಾರದು, ಮಕ್ಕಳನ್ನು ಹತ್ತಿರ ಬಿಡಬೇಡಿ. ಟೈರ್ ಇರುವಾಗ ರಿಮ್ಮಿಗೆ ವೆಲ್ಡಿಂಗ್ ಎಂದೂ ಮಾಡಿಸಬೇಡಿ. ಗಾಳಿ ಇಳಿಸಿದ್ದರೂ ಒಳಗಿನದು ಬಿಸಿಗೆ ಹಿಗ್ಗಿ ಸಿಡಿಯುತ್ತದೆ. ನೀರು ತುಂಬಿದ ಚಕ್ರವನ್ನು ಒಬ್ಬರೇ ಬಿಚ್ಚಬೇಡಿ, ಮೈಮೇಲೆ ಬಿದ್ದರೆ ಎತ್ತಲು ಆಗುವುದಿಲ್ಲ.

ಏರಿನಲ್ಲಿ ಸ್ಟೀರಿಂಗ್ ಹಗುರ ಆಗುತ್ತದೆ

ಮುಂದಿನ ಟೈರ್ ಸವೆದಿದೆ ಅಂತ ತಿಳಿದು ಬದಲಿಸಿದರೂ ಇದು ಹೋಗುವುದಿಲ್ಲ. ಟ್ರೈಲರಿನ ಹೊರೆ ಹಿಂದಕ್ಕೆ ಎಳೆಯುತ್ತಿದೆ, ಮುಂದಿನ ಚಕ್ರಕ್ಕೆ ತೂಕ ಉಳಿದಿಲ್ಲ. ಗಾಡಿಯ ಒಟ್ಟು ತೂಕದ ಐದರಲ್ಲೊಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲೆ ಇರಬೇಕು. ಹೊರೆ ಇಳಿಸಿ, ಮುಂದೆ ತೂಕ ಹಾಕಿ. ಟ್ರೈಲರನ್ನು ಕೆಳಗಿನ ಕೊಂಡಿಗೇ ಕಟ್ಟಿ, ಮೇಲೆಲ್ಲೂ ಕಟ್ಟಬೇಡಿ. ಮೂತಿ ಒಮ್ಮೆ ಎದ್ದ ದಾರಿಯಲ್ಲಿ ಅದೇ ಹೊರೆಯೊಂದಿಗೆ ಮತ್ತೆ ಹತ್ತಬೇಡಿ.

ತೋಟದಲ್ಲಿ ಚಕ್ರದ ಗುರುತು ಉಳಿದು ನೀರು ನಿಲ್ಲುತ್ತದೆ

ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರ. ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಮಣ್ಣು ಒತ್ತಿ ನೀರು ನಿಂತರೆ ಬೇರು ಕೊಳೆಯಲು ದಾರಿ. ಇಲ್ಲಿ ಎತ್ತರದ ಲಗ್ಗಿನ ಟೈರ್ ಬೇಡವೇ ಬೇಡ. ಚಿಕ್ಕ ಟ್ರ್ಯಾಕ್ಟರ್, ಕೈಪಿಡಿ ಒಪ್ಪುವಷ್ಟು ಕಡಿಮೆ ಗಾಳಿ, ನೀರು ತುಂಬದ ಚಕ್ರ, ಮಣ್ಣು ಒಣಗಿದ ಮೇಲಷ್ಟೇ ಪ್ರವೇಶ. ದೊಡ್ಡ ಗಾಡಿಯನ್ನು ತೋಟದ ಅಂಚಿನಲ್ಲೇ ನಿಲ್ಲಿಸಿ.

ಎಲ್ಲ ನೋಡಿ ಆಯಿತು, ಹೊಸದೇ ಬೇಕು ಅಂದರೆ

ಹಳೆ ಟೈರಿನ ಪಕ್ಕದಲ್ಲಿರುವ ಅಕ್ಷರ, ಅಂಕಿಗಳ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. 13.6-28ರಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. ನಡುವೆ ಗೆರೆಯ ಬದಲು ಆರ್ ಅಕ್ಷರ ಇದ್ದರೆ ಅದು ರೇಡಿಯಲ್. ಒಂದೇ ಆಕ್ಸಲ್ಲಿಗೆ ಒಂದು ರೇಡಿಯಲ್, ಒಂದು ಸಾದಾ ಹಾಕಬೇಡಿ. ಹೊರೆ ಹೊಡೆಯುವವರು ಪ್ಲೈ ಸಂಖ್ಯೆ (ಟೈರ್ ಎಷ್ಟು ಹೊರೆ ತಾಳುತ್ತದೆ ಅನ್ನುವುದರ ಗುರುತು) ಹಳೆಯದಕ್ಕಿಂತ ಕಡಿಮೆ ಆಗದಂತೆ ನೋಡಿ. ಅಗಲ ಹೆಚ್ಚಿಸುವ ಮನಸ್ಸಿದ್ದರೆ ರಿಮ್ಮಿನ ಅಗಲ ಸಾಲುತ್ತದೆಯೇ, ಮಡ್‌ಗಾರ್ಡಿಗೆ ತಾಗುತ್ತದೆಯೇ ಕೇಳಿ. ತಯಾರಾದ ದಿನಾಂಕ ಹಲವು ಟೈರುಗಳಲ್ಲಿ ನಾಲ್ಕು ಅಂಕಿಯಲ್ಲಿರುತ್ತದೆ: ಮೊದಲೆರಡು ವಾರ, ಉಳಿದೆರಡು ವರ್ಷ. 2324 ಅಂದರೆ 2024ರ 23ನೇ ವಾರ. ಅಂಗಡಿಯಲ್ಲೇ ಹಳೆಯದಾದ ಟೈರಿಗೆ ಹೊಸದರ ಬೆಲೆ ಕೊಡಬೇಡಿ. ಹಿಂದಿನ ಎರಡನ್ನೂ ಒಟ್ಟಿಗೇ ಬದಲಿಸಿ, ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿಸಿ.

ಕೂರಿಸಿದ ಮೇಲೆ ಅಂಗಡಿ ಬಿಡುವ ಮುಂಚೆ ಹಿಂದೆ ನಿಂತು ಲಗ್ಗಿನ ತುದಿ ಮೇಲ್ಮುಖವಾಗಿದೆಯೇ ನೋಡಿ. ಮೊದಲ ದಿನದ ಕೆಲಸ ಮುಗಿದ ಕೂಡಲೇ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಗಾಳಿಯನ್ನೂ ಮತ್ತೊಮ್ಮೆ ಅಳೆಯಿರಿ.